ದ್ರಾಕ್ಷಿಯ ಮೈಮೇಲಿನ ಮೇಣ

ಬೇಸಗೆಯ ಮೊದಲಲ್ಲಿ ಬಬಲೇಶ್ವರ, ತಿಕೋಟಾಗಳ ಕಡೆಗೆ ಹೋದವರಿಗೆ ದ್ರಾಕ್ಷಿಯನ್ನು ನೆರಳಿನಲ್ಲಿ ಒಣಗಿಸುವ, ಬಲೆಯ ಅಟ್ಟಗಳುಳ್ಳ ಶೆಡ್ಡುಗಳು ಕಾಣಸಿಗುವುವು. ಹಣ್ಣನ್ನು ಅಟ್ಟದ ಮೇಲೆ ಹರಡುವ ಮುನ್ನ ಒಂದು ದ್ರಾವಣದಲ್ಲಿ ಅದ್ದುವರು. ಏಕೆ?

ಹಣ್ಣಿನ ಮೇಲೆ ಬೂದಿ ಬಳಿದಂತೆ ತೋರುವ ತೆಳುಪೊರೆಯು ಮೇಣ. ಅದು ಒಳಗಿನ ನೀರನ್ನು ಸುಲಭವಾಗಿ ಹೊರಬಿಡದು. ಹಾಗೆಯೇ ಒಣಹಾಕಿದರೆ ಬಹಳ ದಿನ ಹಿಡಿಯುವುದು; ಅಷ್ಟರಲ್ಲಿ ಹಣ್ಣು ಕಂದುವುದು; ಅಕಾಲದ ಮಳೆ ಬಂದರಂತೂ ವರ್ಷದ ದುಡಿಮೆಯೇ ಬೂಸಲು ಹಿಡಿಯುವುದು. ನೀರಿನಲ್ಲಿ ತೊಳೆದರೆ ಮೇಣ ಹೋಗದೇ ಎಂದು ನೀವು ಕೇಳಬಹುದು. ಹೋಗದು. ನೀರಿನ ಅಣುವಿನಲ್ಲಿ ಆಮ್ಲಜನಕದ ಬದಿ ಕೊಂಚ ಋಣ, ಜಲಜನಕದ ಬದಿ ಕೊಂಚ ಧನ. ಆದುದರಿಂದ ಅದು ವಿದ್ಯುದಂಶವುಳ್ಳ ಕಣಗಳನ್ನು ಸುತ್ತುವರಿದು ಸೆಳೆದುಕೊಳ್ಳುವುದು. ಬಹುಮಟ್ಟಿಗೆ ಇಂಗಾಲ, ಜಲಜನಕಗಳ ಉದ್ದನೆಯ ಸರಪಳಿಗಳೇ ಆದ ಮೇಣದಲ್ಲಿ ಅದಕ್ಕೆ ಹಿಡಿತ ಸಿಗದು.

ಲೀಟರು ನೀರಿಗೆ ಸುಮಾರು 25 ಗ್ರಾಂ ಪೊಟಾಸಿಯಂ ಕಾರ್ಬೊನೇಟು, 15 ಮಿಲಿಲೀಟರು ಎಥೈಲ್ ಓಲಿಯೇಟು ಬೆರೆಸುವರು. ಎರಡನೆಯದೇ ರೈತರ ‘ಡಿಪ್ಪಿಂಗ್ ಆಯಿಲ್’. ಕಾರ್ಬೊನೇಟು ಅಯಾನುಗಳಾಗಿ ಬಿಡಿಸಿಕೊಂಡು ಕರಗುವುದು. ಎಣ್ಣೆ ಕರಗದು, ಸಣ್ಣ ಹನಿಗಳಾಗಿ ಹರಡಿ ನೀರನ್ನು ಹಾಲಿನಂತೆ ಬೆಳ್ಳಗೆ ಮಾಡುವುದು. ಗುಣದಲ್ಲಿ ತನ್ನನ್ನೇ ಹೋಲುವ ಮೇಣದ ಪದರಗಳ ನಡುವೆ ಅದು ನುಸುಳಿ, ಒಳಗಿನ ನೀರಿಗೆ ದಾರಿ ಬಿಡಿಸುವುದು. ಮೇಣವು ಕಿತ್ತುಹೋಗುವುದಿಲ್ಲ, ಅದರ ಜೋಡಣೆ ಸಡಿಲುವುದಷ್ಟೇ. ಎರಡು ಮೂರು ವಾರಗಳಲ್ಲಿ ಸುಮಾರು ನಾಲ್ಕು ಕಿಲೋ ಹಣ್ಣು ಒಂದು ಕಿಲೋ ಒಣದ್ರಾಕ್ಷಿಯಾಗುವುದು. ನೀರು ಹೋಗಿ ಸಕ್ಕರೆ ಉಳಿಯುವುದು.

ಯುಕ್ತಿ ಹಳೆಯದು. ಮೆಡಿಟರೇನಿಯನ್ ತೀರದ ಜನರು ಮರದ ಬೂದಿಯ ತಿಳಿನೀರಿಗೆ ಆಲಿವ್ ಎಣ್ಣೆ ಬೆರೆಸಿ ದ್ರಾಕ್ಷಿಯನ್ನು ಅದ್ದುತ್ತಿದ್ದರು. ಬೂದಿಯಲ್ಲಿರುವುದೂ ಪೊಟಾಸಿಯಂ ಕಾರ್ಬೊನೇಟೇ! 1807ರಲ್ಲಿ ಹಂಫ್ರಿ ಡೇವಿಯು ಕರಗಿಸಿದ ಪೊಟಾಷಿನಲ್ಲಿ ವಿದ್ಯುತ್ತನ್ನು ಹಾಯಿಸಿ ಪೊಟಾಸಿಯಂ ಲೋಹವನ್ನು ಬೇರ್ಪಡಿಸಿದನು. ಆ ಲೋಹ ನೀರಿಗೆ ಬಿದ್ದೊಡನೆ ಹೊತ್ತಿಕೊಳ್ಳುವುದು. ರೈತನ ತೊಟ್ಟಿಯಲ್ಲಾದರೋ ಅದೇ ಪೊಟಾಸಿಯಂ, ಒಂದು ಎಲೆಕ್ಟ್ರಾನನ್ನು ಮೊದಲೇ ಕಳೆದುಕೊಂಡು, ತಣ್ಣಗೆ ಕರಗಿಕೊಂಡಿರುತ್ತದೆ.