ಗ್ರೀಕರ ರುದ್ರನಾಟಕ ಮತ್ತು ನಮ್ಮ ಅಶ್ವತ್ಥಾಮ

ಕ್ರಿಸ್ತಪೂರ್ವ 472ರ ವಸಂತದಲ್ಲಿ ಅಥೆನ್ಸ್ ನಗರದ ಜನ ಡಯೊನಿಸಸ್ ದೇವತೆಯ ಉತ್ಸವಕ್ಕೆ ನೆರೆದು ಈಸ್ಕಿಲಸ್ ಕವಿಯ ‘ಪಾರಸಿಕರು’ ನಾಟಕವನ್ನು ನೋಡಿದರು. ಪೂರ್ಣವಾಗಿ ಉಳಿದು ಬಂದಿರುವ ಗ್ರೀಕ್ ನಾಟಕಗಳಲ್ಲಿ ಇದೇ ಹಳೆಯದೆಂದು ವಿದ್ವಾಂಸರ ಎಣಿಕೆ. ಮೇಳದ ಖರ್ಚನ್ನು ವಹಿಸಿಕೊಂಡಿದ್ದವನು ತರುಣ ಪೆರಿಕ್ಲಿಸ್. ಎಂಟೇ ವರ್ಷ ಹಿಂದೆ ಪಾರಸಿಕ ದೊರೆ ಕ್ಸೆರ್ಕ್ಸಿಸನ ಸೇನೆ ಅದೇ ನಗರಕ್ಕೆ ನುಗ್ಗಿ ಅಕ್ರೊಪೊಲಿಸ್ ಗುಡ್ಡದ ದೇಗುಲಗಳನ್ನು ಸುಟ್ಟಿತ್ತು. ಆಮೇಲೆ ಸಲಾಮಿಸ್ಸಿನ ನೌಕಾಯುದ್ಧದಲ್ಲಿ ಸೋತಿತ್ತು. ಆ ಯುದ್ಧದಲ್ಲಿ ಹುಟ್ಟು ಹಾಕಿದ ಕೈಗಳು ಪ್ರೇಕ್ಷಕರ ನಡುವೆ ಇದ್ದೇ ಇದ್ದುವು. ಕವಿಯ ಒಡಹುಟ್ಟಿದವನೊಬ್ಬ ಅದಕ್ಕೂ ಮೊದಲು ಮ್ಯಾರಥಾನಿನಲ್ಲಿ ಮಡಿದಿದ್ದ.

ಇಷ್ಟಾದರೂ ನಾಟಕದಲ್ಲಿ ಒಬ್ಬ ಗ್ರೀಕನೂ ಪಾತ್ರವಾಗಿ ಬರುವುದಿಲ್ಲ. ನಡೆಯುವುದೆಲ್ಲ ಶತ್ರುವಿನ ರಾಜಧಾನಿಯಲ್ಲಿ. ಮಗನ ಸುದ್ದಿಗಾಗಿ ಕಾಯುವ ತಾಯಿ, ಸೋಲಿನ ವಾರ್ತೆ ತರುವ ದೂತ, ಸಮಾಧಿಯಿಂದೇಳುವ ಮೃತ ದೊರೆ, ಕೊನೆಗೆ ಹರಿದ ಬಟ್ಟೆಯಲ್ಲಿ ಮರಳುವ ಕ್ಸೆರ್ಕ್ಸಿಸ್. ಇದಕ್ಕೆ ಮುಂಚೆ ಫ್ರಿನಿಕಸ್ ಎಂಬ ಕವಿ, ತಮ್ಮ ಬಂಧುಗಳ ಮೈಲೀಟಸ್ ನಗರ ಪಾರಸಿಕರಿಗೆ ಸೆರೆಯಾದುದನ್ನು ಆಡಿಸಿದಾಗ ಪ್ರೇಕ್ಷಕರೆಲ್ಲ ಅತ್ತರಂತೆ. ಸ್ವಂತ ದುಃಖವನ್ನು ನೆನಪಿಸಿದ ತಪ್ಪಿಗೆ ಅವನಿಗೆ ಸಾವಿರ ದ್ರಾಖ್ಮ ದಂಡ ಬಿದ್ದಿತೆಂದು ಹೆರೊಡೊಟಸ್ ಬರೆದಿದ್ದಾನೆ. ತಮ್ಮ ದುಃಖವನ್ನು ನೋಡಲಾರದವರು ಹಗೆಯ ದುಃಖವನ್ನು ನೋಡಿದರು, ಮೊದಲ ಬಹುಮಾನವನ್ನೂ ಕೊಟ್ಟರು. ಗೆದ್ದವನ ಕಿವಿಗೆ ಸೋತವನ ಗೋಳು ಹಿತವಾಗಿಯೂ ಕೇಳಿಸೀತು, ನಿಜ. ಆದರೆ ಆ ತಾಯಿಯ ಮಾತುಗಳನ್ನು ಬರೆದ ಕೈಯಲ್ಲಿ ಕುಹಕವಿಲ್ಲ.

ಈ ನಾಟಕವನ್ನು 1935ರಲ್ಲಿ ಕನ್ನಡಕ್ಕೆ ತಂದವರು ಬಿ. ಎಂ. ಶ್ರೀಕಂಠಯ್ಯನವರು. ಟ್ರ್ಯಾಜಿಡಿಯನ್ನು ಅವರು ರುದ್ರನಾಟಕವೆಂದು ಕರೆದರು. ಅವರು ಆರಿಸಿಕೊಂಡ ಮೂರು ವಸ್ತುಗಳನ್ನು ಒಟ್ಟಿಗಿಟ್ಟು ನೋಡಿದರೆ ಒಂದೇ ಎಳೆ ನನಗೆ ಕಾಣುತ್ತದೆ. 1926ರ ‘ಗದಾಯುದ್ಧ ನಾಟಕಂ’ಗೆ ಮೂಲ ರನ್ನನ ಕಾವ್ಯ. ಅಲ್ಲಿ ಕವಿ ತನ್ನ ದೊರೆಯನ್ನು ಭೀಮನಿಗೆ ಹೋಲಿಸಿ ಹೊಗಳಿದರೂ ನಮ್ಮ ಕಣ್ಣೀರು ಸಲ್ಲುವುದು ದುರ್ಯೋಧನನಿಗೆ. ಎರಡನೆಯದು 1929ರ ‘ಅಶ್ವತ್ಥಾಮನ್’. ನನ್ನ ಮಟ್ಟಿಗೆ ಮೂರರಲ್ಲಿ ಎದೆಗಾರಿಕೆಯ ಕೃತಿ ಇದೇ.

ಇದರ ಮೂಲ ಸೊಫೊಕ್ಲಿಸನ ‘ಏಜಾಕ್ಸ್’. ಸತ್ತ ಅಕಿಲೀಸನ ಆಯುಧಗಳು ತನಗೆ ದಕ್ಕದೆ ಒಡಿಸಿಯಸ್ಸನ ಪಾಲಾದುವೆಂದು ಕೆರಳಿದ ಏಜಾಕ್ಸ್, ರಾತ್ರಿ ಗ್ರೀಕ್ ನಾಯಕರನ್ನು ಕೊಲ್ಲಹೊರಡುತ್ತಾನೆ. ಅಥೀನಾ ದೇವಿ ಅವನ ಬುದ್ಧಿಗೆ ಮಂಕು ಕವಿಸುತ್ತಾಳೆ. ಅವನು ತರಿದುಹಾಕುವುದು ದನ ಕುರಿಗಳನ್ನು. ಮಂಕು ಹರಿದ ಮೇಲೆ ನಾಚಿಕೆ ತಾಳಲಾರದೆ ಕತ್ತಿಯನ್ನು ನೆಲದಲ್ಲಿ ನೆಟ್ಟು ಅದರ ಮೇಲೆ ಬಿದ್ದು ಸಾಯುತ್ತಾನೆ. ಆ ರಾತ್ರಿಯಲ್ಲಿ ‘ಶ್ರೀ’ಯವರಿಗೆ ನಮ್ಮ ಸೌಪ್ತಿಕಪರ್ವದ ರಾತ್ರಿ ಕಂಡಿರಬೇಕು.

ಆದರೆ ವ್ಯಾಸಭಾರತದ ಅಶ್ವತ್ಥಾಮನಿಗೆ ಸಾವಿಲ್ಲ. ಕೃಷ್ಣನ ಶಾಪದಂತೆ ಅವನು ಮೂರು ಸಾವಿರ ವರ್ಷ ಒಂಟಿಯಾಗಿ ಅಲೆಯಬೇಕು. ಕನ್ನಡ ನಾಟಕದಲ್ಲಿ ಅವನು ಸಾಯುತ್ತಾನೆ. ಮತ್ತಿಕೆರೆಯಲ್ಲಿ ನಾವು ನಾಲ್ಕಾರು ಮಂದಿ ಗೆಳೆಯರು ಈ ನಾಟಕವನ್ನು ಓದುತ್ತಿದ್ದಾಗ ಹಿರಿಯರೊಬ್ಬರು, “ಬೆಳಗೆದ್ದು ಚಿರಂಜೀವಿಯೆಂದು ನೆನೆಯುವವನನ್ನು ಕೊಲ್ಲಲು ಇವರಾರು, ಸ್ವಾಮಿ?” ಎಂದು ಪುಸ್ತಕ ಮುಚ್ಚಿದರು. ತಳ್ಳಿಹಾಕುವ ಪ್ರಶ್ನೆಯಲ್ಲ. ಆದರೆ ಸಾವಿಲ್ಲದವನಿಗೆ ಸಂಸ್ಕಾರವೂ ಇಲ್ಲ. ಅವನ ಮೇಲಿನ ಹಗೆ ಎಲ್ಲಿಗೆ ನಿಲ್ಲಬೇಕು? ಸೊಫೊಕ್ಲಿಸನ ನಾಟಕದ ಉತ್ತರಾರ್ಧವೆಲ್ಲ ಈ ಒಂದೇ ಮಾತಿನ ಸುತ್ತ ನಡೆಯುತ್ತದೆ. ಏಜಾಕ್ಸನ ಹೆಣವನ್ನು ಹೂಳಕೂಡದು, ಹಕ್ಕಿಗಳಿಗೆ ಎಸೆಯಬೇಕೆಂದು ಮೆನೆಲಾಸ್, ಅಗಮೆಮ್ನಾನರ ಹಟ. ಅದಕ್ಕೆ ಅಡ್ಡ ನಿಲ್ಲುವವನು ಏಜಾಕ್ಸನ ಪರಮವೈರಿ ಒಡಿಸಿಯಸ್ಸೇ. ಬದುಕಿದ್ದಾಗ ದ್ವೇಷಿಸಿದೆ, ಈಗ ಆ ವೀರನಿಗೆ ಸಲ್ಲಬೇಕಾದುದು ಸಲ್ಲಲಿ ಎಂದು ವಾದಿಸಿ ಗೆಲ್ಲುತ್ತಾನೆ. ಶವಸಂಸ್ಕಾರಕ್ಕೆ ತಾನೂ ಕೈಗೂಡಿಸುವೆನೆನ್ನುತ್ತಾನೆ. ಏಜಾಕ್ಸನ ತಮ್ಮ ಟ್ಯೂಸರ್ ಮನಸಾರ ಅವನನ್ನು ಹೊಗಳುತ್ತಾನೆ. ಆದರೂ ಹೆಣವನ್ನು ಮಾತ್ರ ಮುಟ್ಟಬೇಡ, ಸತ್ತವನಿಗೆ ಅದು ಒಪ್ಪಿಗೆಯಾಗದೇನೋ ಎಂದು ಅಳುಕುತ್ತಾನೆ. ಒಡಿಸಿಯಸ್ ಒಪ್ಪಿಕೊಂಡು ಹೊರಟುಹೋಗುತ್ತಾನೆ.