ಗುಬ್ಬಿಯ ಪೇಟಿ, ಹ್ಯೂಸ್ಟನ್ನಿನ ಪಿಯಾನೋ

ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ಒಂದು ಕಾರ್ಯಕ್ರಮ. ಭಾಷಣ ಮುಗಿಯಿತು, ಸೆಲ್ಫಿಗಳೂ ಮುಗಿದವು. ಇನ್ನೇನು ಕಾರು ಹತ್ತಬೇಕು, ಕುಣಿಗಲ್ ಕಡೆಯ ಒಬ್ಬ ಹುಡುಗ ಅಡ್ಡ ಬಂದು ನಿಂತ. ಕಾಲೇಜು ಓದುತ್ತಾನೆ, ಕೀಬೋರ್ಡ್ ನುಡಿಸುತ್ತಾನೆ. ‘ಸರ್, ರಾಬರ್ಟ್ ಗ್ಲಾಸ್ಪರ್ ಗೊತ್ತಾ?’ ಅಂದ. ಗೊತ್ತಿರಲಿಲ್ಲ. ಆದರೂ ತಲೆ ಆಡಿಸಿದೆ. ಟಿವಿಯವರಿಗೆ ಇದೊಂದು ಕೆಟ್ಟ ಚಟ!

ಹುಡುಗನ ಸಂಕಟ ಇಷ್ಟೇ. ಅವನು ರಾಗದ ಜೊತೆ ರ‍್ಯಾಪ್ ಸೇರಿಸಿ ಏನೋ ಮಾಡಿದ್ದಾನೆ. ಸಂಗೀತದ ಮೇಷ್ಟ್ರು ಕೇಳಿ, ‘ಇದು ಕಲಬೆರಕೆ. ಇದನ್ನು ಮಾಡೋದಾದ್ರೆ ಪಾಠಕ್ಕೆ ಬರಬೇಡ’ ಅಂದುಬಿಟ್ಟಿದ್ದಾರೆ. ‘ನಾನು ಮಾಡ್ತಿರೋದು ತಪ್ಪಾ ಸರ್?’ ಎಂದು ಕೇಳಿದ. ಆವತ್ತು ನನ್ನ ಬಳಿ ಉತ್ತರ ಇರಲಿಲ್ಲ. ಇವತ್ತು ಇದೆ ಅಂದುಕೊಂಡಿದ್ದೇನೆ.

ಮೊದಲು ಗ್ಲಾಸ್ಪರ್ ವಿಷಯ. ಅಮೆರಿಕದ ಹ್ಯೂಸ್ಟನ್‌ನಲ್ಲಿ 1978ರಲ್ಲಿ ಹುಟ್ಟಿದವನು. ತಾಯಿ ಭಾನುವಾರ ಚರ್ಚಿನಲ್ಲಿ ಹಾಡುತ್ತಿದ್ದವರು, ರಾತ್ರಿ ಕ್ಲಬ್ಬುಗಳಲ್ಲೂ ಹಾಡುತ್ತಿದ್ದವರು. ಎರಡೂ ಸಂಗೀತ ಒಂದೇ ಮನೆಯಲ್ಲಿ. ಮಗ ನ್ಯೂಯಾರ್ಕಿಗೆ ಹೋಗಿ ಜಾಝ್ ಪಿಯಾನೋವನ್ನು ಕ್ರಮವಾಗಿ ಕಲಿತ. ಆದರೆ ಅವನ ಗೆಳೆಯರೆಲ್ಲ ಹಿಪ್ ಹಾಪ್‌ನವರು. 2009ರಲ್ಲಿ ಒಂದು ಆಲ್ಬಂ ತಂದ. ಅದರ ಅರ್ಧ ಅಪ್ಪಟ ಜಾಝ್, ಇನ್ನರ್ಧ ಹಿಪ್ ಹಾಪ್ ಲಯದ್ದು. 2012ರ ‘ಬ್ಲ್ಯಾಕ್ ರೇಡಿಯೋ’ ಹೊತ್ತಿಗೆ ನಡುವಿನ ಆ ಗೋಡೆಯೂ ಬಿತ್ತು. ಸೋಲ್ ಗಾಯಕರು, ರ‍್ಯಾಪರ್‌ಗಳು, ಜಾಝ್ ಪಿಯಾನೋ ಎಲ್ಲ ಒಂದೇ ಪಂಕ್ತಿಯಲ್ಲಿ. ಅದಕ್ಕೆ ಗ್ರ್ಯಾಮಿ ಬಂತು. ಬಂದದ್ದು ಜಾಝ್ ವಿಭಾಗದಲ್ಲಲ್ಲ, ಆರ್ ಅಂಡ್ ಬಿ ವಿಭಾಗದಲ್ಲಿ!

ಅವನ ಗುಟ್ಟು ಏನು ಅಂತೀರಾ? ಕೇಳಿ ನೋಡಿ. ಡ್ರಮ್ಮಿನ ಪೆಟ್ಟು ತಾಳಕ್ಕಿಂತ ಕೂದಲೆಳೆಯಷ್ಟು ಹಿಂದೆ ಬೀಳುತ್ತದೆ, ನಡೆಯುವವನು ಸ್ವಲ್ಪ ಕಾಲೆಳೆದ ಹಾಗೆ. ಹಿಪ್ ಹಾಪ್‌ನವರು ಯಂತ್ರದಲ್ಲಿ ಮಾಡಿದ್ದ ಈ ಓಲಾಟವನ್ನು ಇವನ ತಂಡದವರು ಕೈಯಲ್ಲಿ ನುಡಿಸಿದರು. ಅದರ ಮೇಲೆ ಪಿಯಾನೋ ಜಾಝ್‌ನ ಸ್ವರಗಳನ್ನು ಸುತ್ತಿ ಸುತ್ತಿ ಹೇಳುತ್ತದೆ. ಎರಡನ್ನೂ ಬಲ್ಲವನಿಗೆ ಮಾತ್ರ ಸಾಧ್ಯವಾಗುವ ಕೆಲಸ ಅದು.

ಸರಿ, ಅದು ಅಮೆರಿಕ. ನಮ್ಮಲ್ಲಿ? ಹುಡುಗ ನಿಂತು ಪ್ರಶ್ನೆ ಕೇಳಿದ ಕಟ್ಟಡದ ಹೆಸರೇ ಉತ್ತರ. ಅದು ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಗುಬ್ಬಿ ಕಂಪನಿ ಶುರುವಾದದ್ದು 1884ರಲ್ಲಿ. 1934ರಲ್ಲಿ ‘ಕುರುಕ್ಷೇತ್ರ’ ನಾಟಕಕ್ಕೆ ಆನೆ, ಕುದುರೆಗಳನ್ನೇ ರಂಗಕ್ಕೆ ತಂದವರು ವೀರಣ್ಣನವರು. ಆನೆಯ ಕಥೆ ಎಲ್ಲರಿಗೂ ಗೊತ್ತು. ಕಂಪನಿ ನಾಟಕದ ಪಕ್ಕವಾದ್ಯದ ಕಥೆ ಯಾರಿಗೆ ಗೊತ್ತು? ಅಲ್ಲಿ ಕಾಲಿನಿಂದ ತುಳಿದು ನುಡಿಸುವ ಲೆಗ್ ಹಾರ್ಮೋನಿಯಂ ಇರುತ್ತಿತ್ತು. ಹುಟ್ಟಿದ್ದು ಯೂರೋಪಿನಲ್ಲಿ. ನಮ್ಮವರು ಅದರಲ್ಲಿ ಕರ್ನಾಟಕ ಸಂಗೀತದ ರಾಗ, ಹಿಂದೂಸ್ತಾನಿ ಮಟ್ಟು, ಪಾರ್ಸಿ ನಾಟಕದ ಧಾಟಿ ಎಲ್ಲವನ್ನೂ ನುಡಿಸಿದರು. ಕಲಬೆರಕೆ ಅಂದರೆ ಅದೇ ತಾನೆ?

ಅದಕ್ಕೂ ಬೈಗುಳ ಬಿತ್ತು. ಈ ಪೇಟಿಯಲ್ಲಿ ಗಮಕ ಬರುವುದಿಲ್ಲ, ಸ್ವರಗಳು ಮನೆಮನೆಯಾಗಿ ನಿಂತುಬಿಡುತ್ತವೆ ಎಂಬ ಕಾರಣ ಕೊಟ್ಟು 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನೇ ನಿಷೇಧಿಸಿತು. ಸುಮಾರು 30 ವರ್ಷ ಅದು ರೇಡಿಯೋದ ಹೊಸ್ತಿಲು ದಾಟಲಿಲ್ಲ. ಟೀಕೆ ಪೂರ್ತಿ ಸುಳ್ಳಲ್ಲ, ಪೇಟಿಗೆ ಆ ಮಿತಿ ಇದೆ. ಆದರೂ ಜನ ಅದನ್ನು ಬಿಡಲಿಲ್ಲ.

ಆ ಪೇಟಿಯ ಸದ್ದು ಕೇಳಿ ಬೆಳೆದ ಒಬ್ಬ ಹುಡುಗನ ಬಗ್ಗೆ ಹೇಳಲೇಬೇಕು. ದಕ್ಷಿಣ ಕನ್ನಡದ ಮಂಚಿಯಲ್ಲಿ 1929ರಲ್ಲಿ ಹುಟ್ಟಿದವನು. ಮನೆ ಬಿಟ್ಟು ಓಡಿಬಂದು ಗುಬ್ಬಿ ಕಂಪನಿ ಸೇರಿದ. ಅವನೊಳಗೇನೋ ಇದೆ ಅಂತ ಕಂಡ ವೀರಣ್ಣನವರು ಓದಲು ಕಾಶಿಗೆ ಕಳಿಸಿದರು. ಅಲ್ಲಿ ಹಿಂದಿ ಎಂ.ಎ. ಮಾಡಿದ, ಪಂಡಿತ್ ಓಂಕಾರನಾಥ ಠಾಕೂರರ ಬಳಿ ಹಿಂದೂಸ್ತಾನಿ ಕಲಿತ. ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ. ಅವರೇ ಬಿ.ವಿ. ಕಾರಂತರು.

ಆಗಿನ ಪರಿಸ್ಥಿತಿ ನೆನಪಿಡಿ. ಹವ್ಯಾಸಿ ರಂಗಭೂಮಿಯವರಿಗೆ ಹಾಡು ಅಂದರೆ ಮುಜುಗರ. ಹಾಡು ಬಂದರೆ ‘ಕಂಪನಿ ನಾಟಕ’ ಅನ್ನಿಸಿಕೊಳ್ಳಬೇಕಲ್ಲ! ಕಾರಂತರು 1972ರಲ್ಲಿ ಬೆಂಗಳೂರಿನ ಬಯಲು ರಂಗದಲ್ಲಿ ‘ಈಡಿಪಸ್’, ‘ಸಂಕ್ರಾಂತಿ’, ‘ಜೋಕುಮಾರಸ್ವಾಮಿ’ ಮಾಡಿದರು. ಓಡಿಸಿದ್ದ ಹಾಡು ವಾಪಸ್ ಬಂತು. ‘ಸತ್ತವರ ನೆರಳು’ ನಾಟಕಕ್ಕೆ ಪುರಂದರದಾಸರ ಪದಗಳು ಬಂದವು. ಕಲ್ಲು, ಬಿದಿರು, ಲೋಹದ ಚೂರು ಕೈಗೆ ಸಿಕ್ಕರೂ ಅವರಿಗೆ ಅದು ವಾದ್ಯ. ದೆಹಲಿಯಲ್ಲಿ ಶೇಕ್ಸ್‌ಪಿಯರನ ಮ್ಯಾಕ್‌ಬೆತ್‌ನನ್ನು ಹಿಂದಿಯಲ್ಲಿ ಯಕ್ಷಗಾನದ ಕುಣಿತಕ್ಕೆ ಇಳಿಸಿದರು. ‘ಋಷ್ಯಶೃಂಗ’ ಮತ್ತು ‘ಘಟಶ್ರಾದ್ಧ’ ಚಿತ್ರಗಳ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಭೋಪಾಲದ ರಂಗಮಂಡಲ, ಮೈಸೂರಿನ ರಂಗಾಯಣ ಕಟ್ಟಿ, 2002ರಲ್ಲಿ ಹೊರಟುಹೋದರು.

ಗ್ಲಾಸ್ಪರ್‌ಗೂ ಕಾರಂತರಿಗೂ ಯಾವ ಸಂಬಂಧವೂ ಇಲ್ಲ. ಒಬ್ಬರ ಹೆಸರು ಇನ್ನೊಬ್ಬರು ಕೇಳಿರಲಿಕ್ಕೂ ಇಲ್ಲ. ಆದರೆ ಇಬ್ಬರ ದಾರಿ ಒಂದೇ ಥರ. ಮೊದಲು ಒಂದನ್ನು ಬೇರು ಮುಟ್ಟುವ ತನಕ ಕಲಿತರು. ಆಮೇಲೆ ತಾವು ಬೆಳೆದ ಬೀದಿಯ ಸದ್ದನ್ನು ನಾಚಿಕೆಯಿಲ್ಲದೆ ಒಳಗೆ ಕರೆದರು. ಬರೀ ಮೊದಲನೆಯದನ್ನು ಮಾಡಿದರೆ ಒಳ್ಳೆಯ ಶಿಷ್ಯ ಆಗಬಹುದು. ಬರೀ ಎರಡನೆಯದನ್ನು ಮಾಡಿದರೆ ನಾಲ್ಕು ದಿನದ ರೀಲ್ಸ್ ಆಗಬಹುದು. ಎರಡೂ ಸೇರಿದರೆ ಮಾತ್ರ ಹೊಸ ಸಂಗೀತ.

ಹಾಲಿಗೆ ನೀರು ಬೆರೆಸಿದರೆ ಕಲಬೆರಕೆ. ಹೆಪ್ಪು ಹಾಕಿದರೆ ಮೊಸರು. ಎರಡರಲ್ಲೂ ಬೆರೆಸುವುದು ಇದೆ, ಸ್ವಾಮಿ. ವ್ಯತ್ಯಾಸ ಗೊತ್ತಿರುವುದು ಹಾಲು ಕಾಯಿಸಲು ಬರುವವನಿಗೆ.

ಹಾಗಾಗಿ ಕುಣಿಗಲ್ಲಿನ ತಮ್ಮಾ, ನೀನು ತಪ್ಪು ಮಾಡ್ತಿಲ್ಲ. ಆದರೆ ಪಾಠ ಬಿಡಬೇಡ. ಮೇಷ್ಟ್ರ ಮನೆಗೆ ಮತ್ತೆ ಹೋಗು, ಬೈಸಿಕೋ, ಕಲಿ. ನಿಮ್ಮೂರಿನ ಕೆರೆಯ ಮೇಲೆ ಜನಪದರು ಕಟ್ಟಿದ ಹಾಡು ನಾಡಿಗೆಲ್ಲ ಗೊತ್ತು. ಅದನ್ನು ಮೊದಲು ಸರಿಯಾಗಿ ಹಾಡೋದು ಕಲಿ, ಆಮೇಲೆ ಅದಕ್ಕೆ ನಿನ್ನ ರ‍್ಯಾಪ್ ಸೇರಿಸು.

ಮೇಷ್ಟ್ರೇ, ನಿಮಗೂ ಒಂದು ಮಾತು. ಮನೆ ಬಿಟ್ಟು ಓಡಿಬಂದ ಹುಡುಗನನ್ನು ವೀರಣ್ಣನವರು ಗದರಿಸಿ ವಾಪಸ್ ಕಳಿಸಬಹುದಿತ್ತು. ಅವರು ಕಾಶಿಗೆ ಕಳಿಸಿದರು. ನೀವು ಅಷ್ಟು ದೂರ ಕಳಿಸುವುದೇನೂ ಬೇಡ. ಬಾಗಿಲು ತೆಗೆದಿಡಿ, ಸಾಕು.