ಹಗೇವಿನಿಂದ ನ್ಯಾಯಬೆಲೆ ಅಂಗಡಿಗೆ

'ಹಗೇವು' ಎಂದರೇನು ಎಂದು ಹಳೇ ಮೈಸೂರು ಸೀಮೆಯ ಹಿರಿಯರನ್ನು ಕೇಳಿ ನೋಡಿ. ಗಟ್ಟಿ ನೆಲದಲ್ಲಿ ತೋಡಿದ, ಬಾಯಿ ಕಿರಿದಾಗಿ ಒಡಲು ಅಗಲವಾದ ಧಾನ್ಯದ ಗುಂಡಿ ಅದು. ರಾಗಿ ತುಂಬಿ, ಬಾಯಿ ಮುಚ್ಚಿ, ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಹುಳು ಹಿಡಿಯುತ್ತಿರಲಿಲ್ಲ. ತೆರೆಯುವ ದಿನ ಮಾತ್ರ ಎಚ್ಚರ ಬೇಕಿತ್ತು. ಒಳಗೆ ಉಸಿರುಕಟ್ಟಿಸುವ ಗಾಳಿ ತುಂಬಿರುತ್ತದೆ; ಮೊದಲು ದೀಪ ಇಳಿಸಿ, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಮಳೆ ಕೈಕೊಟ್ಟ ವರ್ಷ ಊರಿನ ಹೊಟ್ಟೆ ತುಂಬಿಸುತ್ತಿದ್ದುದು ಈ ಗುಂಡಿಗಳೇ.

ಈ ಬಾಳಿಕೆಯ ಗುಣವನ್ನು ಕನಕದಾಸರೂ ಬಲ್ಲವರಾಗಿದ್ದರು. 'ರಾಮಧಾನ್ಯ ಚರಿತ್ರೆ'ಯಲ್ಲಿ ಅಕ್ಕಿಗೂ ರಾಗಿಗೂ ಹೆಚ್ಚುಗಾರಿಕೆಯ ಜಗಳ ಬಿದ್ದಾಗ ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಸೊರಗುವುದು ಅಕ್ಕಿ, ಗೆಲ್ಲುವುದು ರಾಗಿ.

ಇಂಥ ಧಾನ್ಯ ನಮ್ಮ ತಟ್ಟೆಯಿಂದ ಹಿಂದೆ ಸರಿದದ್ದು ಹೇಗೆ? ಜನರ ನಾಲಿಗೆ ಬದಲಾಯಿತು ಎನ್ನುವುದು ಅರ್ಧ ಉತ್ತರ. 1965ರಲ್ಲಿ ಭಾರತ ಆಹಾರ ನಿಗಮ ಹುಟ್ಟಿತು. ಹಸಿರು ಕ್ರಾಂತಿಯ ಗೋಧಿ, ಅಕ್ಕಿ ಅದರ ಗೋದಾಮು ತುಂಬಿದವು. ಗೋದಾಮಿನಲ್ಲಿದ್ದುದೇ ಪಡಿತರ ಅಂಗಡಿಗೆ ಬಂತು, ಅಂಗಡಿಗೆ ಬಂದದ್ದೇ ಒಲೆ ಏರಿತು. ಹಬ್ಬಕ್ಕೆಂದು ಮಾತ್ರ ಅನ್ನ ಬೇಯುತ್ತಿದ್ದ ಮನೆಗಳಲ್ಲಿ ಅದು ದಿನನಿತ್ಯದ ಊಟವಾಯಿತು. ಬಡವರು ಅನ್ನ ಉಂಡದ್ದು ತಪ್ಪೆಂದು ಯಾರೂ ಹೇಳಲಾರರು. ಆದರೆ 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಹೆಚ್ಚು ಸುಣ್ಣದಂಶವಿದ್ದರೆ, ಪಾಲಿಷ್ ಅಕ್ಕಿಯಲ್ಲಿರುವುದು ಹತ್ತರ ಆಸುಪಾಸು. ಬೆಳೆಯುವ ಮಕ್ಕಳ ಎಲುಬಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ಹೊಲದಲ್ಲಿ ರಾಗಿಯನ್ನು ಹಿಡಿದು ನಿಲ್ಲಿಸಿದವರು ಮಂಡ್ಯದ ವಿ.ಸಿ. ಫಾರಂನ ವಿಜ್ಞಾನಿ ಲಕ್ಷ್ಮಣಯ್ಯ. ಭಾರತದ ತಳಿಗೆ ಆಫ್ರಿಕದ ತಳಿ ಬೆರೆಸಿ ಅವರು ರೂಪಿಸಿದ 'ಇಂಡಾಫ್' ರಾಗಿಗಳು ಇಳುವರಿ ಹೆಚ್ಚಿಸಿದವು. ಬೆಳೆದದ್ದನ್ನು ಕೊಳ್ಳುವವರು ಬೇಕಲ್ಲ?

2013ರ ಆಹಾರ ಭದ್ರತಾ ಕಾಯ್ದೆ ಅಕ್ಕಿ, ಗೋಧಿಯ ಜೊತೆ ರಾಗಿ, ಜೋಳಗಳಂಥ ಒರಟು ಧಾನ್ಯವನ್ನೂ ಪಡಿತರಕ್ಕೆ ಸೇರಿಸಿತು. ಕರ್ನಾಟಕವು ದಕ್ಷಿಣದ ಜಿಲ್ಲೆಗಳಿಗೆ ರಾಗಿ, ಉತ್ತರದ ಜಿಲ್ಲೆಗಳಿಗೆ ಜೋಳ ಹಂಚತೊಡಗಿತು. ಊರಿನ ಬೆಳೆ ಊರಿನ ಊಟಕ್ಕೆ ಎಂಬ ಸರಳ ಲೆಕ್ಕ. ತೊಡಕು ಬಂದದ್ದು ಕಾಗದದಲ್ಲಿ. ಬೆಂಬಲ ಬೆಲೆಯಲ್ಲಿ ಕೊಂಡ ರಾಗಿಯನ್ನು ಹಂಚಿ ಮುಗಿಸಲು ಕೇಂದ್ರದ ನಿಯಮ ಕೊಟ್ಟಿದ್ದ ಗಡುವು ಮೂರೇ ತಿಂಗಳು! ಹಗೇವಿನಲ್ಲಿ ವರ್ಷಗಟ್ಟಲೆ ಬಾಳುವ ಧಾನ್ಯಕ್ಕೆ ರಾಮನ ಸೆರೆಯ ಅರ್ಧದಷ್ಟೂ ಮೀರದ ಆಯುಷ್ಯ. ಹಂಚಿ ಮುಗಿಯದ ಭಯವಿರುವಾಗ ಹೆಚ್ಚು ಕೊಳ್ಳಲು ಯಾವ ಅಧಿಕಾರಿ ಮುಂದಾದಾನು? 2021ರ ಡಿಸೆಂಬರ್‌ನಲ್ಲಿ ಕೇಂದ್ರ ಈ ಗಡುವನ್ನು ಹಿಗ್ಗಿಸಿತು. 2024-25ರಲ್ಲಿ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,290 ರೂಪಾಯಿ, ಸಾಮಾನ್ಯ ಭತ್ತಕ್ಕೆ 2,300.

2024ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳ ಹಾಲಿಗೂ ರಾಗಿ ಮಾಲ್ಟ್ ಸೇರಿತು, ಆರಂಭದಲ್ಲಿ ವಾರಕ್ಕೆ ಮೂರು ದಿನ. ಮನೆಯ ಮಾತು ಬೇರೆ. ಅಕ್ಕಿಯನ್ನು ತೊಳೆದು ಒಲೆಗಿಟ್ಟರೆ ಸಾಕು. ಪಡಿತರದ ರಾಗಿಯನ್ನು ಕೇರಿ, ಕಲ್ಲು ಆರಿಸಿ, ದುಡ್ಡು ಕೊಟ್ಟು ಗಿರಣಿಯಲ್ಲಿ ಹಿಟ್ಟು ಮಾಡಿಸಬೇಕು. ಆಮೇಲೆ ಮುದ್ದೆ ತೊಳಸುವ ತೋಳೂ ಬೇಕು. ಕೂಲಿಯಿಂದ ಸಂಜೆ ಮನೆಗೆ ಮರಳುವ ಹೆಂಗಸಿನ ಈ ಲೆಕ್ಕ ಇನ್ನೂ ಯಾವ ಕಡತಕ್ಕೂ ಏರಿದಂತಿಲ್ಲ.